ಹೊಳ್ಳೆಯಲ್ಲಿ ಸಿಕ್ಕಿಕೊಂಡ ಯಜಮಾನರು

ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜಪಾನಿಗೆ ಹೊರಡುವ ಅಪ್ಪಂದಿರಿಗೆ ಒಂದು ಆಸೆ. ಮಗ ನಾರಾ ಊರಿನ ತೋದಾಯ್‌ಜಿ ದೇವಾಲಯದೆದುರು ನಿಂತು ಎಂಟನೆಯ ಶತಮಾನದ ಬಗ್ಗೆ ನಾಲ್ಕು ಪ್ರಶ್ನೆ ಕೇಳಲಿ ಅಂತ. ಕೇಳುವುದಿಲ್ಲ ಸ್ವಾಮಿ. ದಾರಿಯಲ್ಲೇ ಜಿಂಕೆಗಳು ಅವನನ್ನು ವಶಪಡಿಸಿಕೊಂಡಿರುತ್ತವೆ. ಅಲ್ಲಿ ಅವು ಸಾವಿರಕ್ಕೂ ಮೇಲಿವೆ. ತೌಡಿನ ಬಿಸ್ಕತ್ತು ಹಿಡಿದರೆ ತಲೆ ಬಾಗಿಸಿ ವಂದಿಸುತ್ತವೆ. "ನೋಡು, ಎಂಥಾ ಸಂಸ್ಕಾರ!" ಎಂದು ಅಮ್ಮ ಮಗನಿಗೆ ಉಪದೇಶ ಶುರುಮಾಡುವಷ್ಟರಲ್ಲಿ, ಬಿಸ್ಕತ್ತು ತಡವಾಯಿತೆಂದು ಆ ಸಂಸ್ಕಾರವಂತ ಪ್ರಾಣಿ ಆಕೆಯ ದುಪಟ್ಟಾ ಜಗಿಯುತ್ತಿರುತ್ತದೆ. ಕಸುಗಾ ದೇವರ ದೂತರಂತೆ, ಗದರುವುದಾದರೂ ಹೇಗೆ?

ಒಳಗೆ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅದನ್ನು ಹೇಳೋಣವೆಂದು ಯಜಮಾನರು ಗಂಟಲು ಸರಿಮಾಡಿಕೊಂಡರೆ, ಮಗ ಆಗಲೇ ಹಿಂದಿನ ಕಂಬದ ಹತ್ತಿರ. ಆ ಕಂಬದ ಬುಡದಲ್ಲೊಂದು ತೂತು, ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲದ್ದಂತೆ. ನುಸುಳಿ ಆಚೆ ಬಂದವರಿಗೆ ಜ್ಞಾನೋದಯ ಎಂಬ ನಂಬಿಕೆ. ಮಕ್ಕಳು ಸರಕ್ಕನೆ ದಾಟುತ್ತವೆ. ಯಜಮಾನರಿಗೂ ಹುಕಿ. "ಉಸಿರು ಬಿಗಿಹಿಡಿದರೆ ಆಯ್ತು ಕಣೇ" ಎನ್ನುತ್ತಾ ತಲೆ, ಭುಜ ತೂರಿಸಿಬಿಡುತ್ತಾರೆ. ಅಷ್ಟೇ. ಮುಂದಿನಿಂದ ಯಾರೋ ಜಪಾನಿ ಅಜ್ಜ ಕೈ ಎಳೆಯುವುದು, ಹಿಂದಿನಿಂದ ಮನೆಯಾಕೆ ಕಾಲು ತಳ್ಳುವುದು. ಜ್ಞಾನವಂತೂ ಆಗುತ್ತದೆ: ಬೆಳಗಿನ ಬಫೆಯಲ್ಲಿ ಮೂರನೇ ಸಲ ಏಳಬಾರದಿತ್ತು.

ಕೋಟೆಗಳ ವಿಷಯ ಬೇಗ ಮುಗಿಸುತ್ತೇನೆ. ಒಸಾಕಾದ ಕೋಟೆ 1931ರಲ್ಲಿ ಕಾಂಕ್ರೀಟಿನಲ್ಲಿ ಎದ್ದದ್ದು, ಲಿಫ್ಟ್ ಇದೆ. ಹಿಮೇಜಿಯದು 1609ರ ಅಸಲಿ ಮರದ ಕೋಟೆ, ಲಿಫ್ಟ್ ಇಲ್ಲ. ಚಪ್ಪಲಿ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದು, ಏಣಿಯಂಥ ಮೆಟ್ಟಿಲು ಹತ್ತಬೇಕು. ಇತಿಹಾಸಪ್ರೇಮ ಯಾರಿಗೆಷ್ಟಿದೆ ಎಂಬುದು ಮೂರನೇ ಅಂತಸ್ತಿನಲ್ಲಿ ತಿಳಿದುಹೋಗುತ್ತದೆ.

ನನ್ನ ಮತ ಮಾತ್ರ ಹಿರೋಶಿಮಾ ಪಕ್ಕದ ಮಿಯಾಜಿಮಾ ದ್ವೀಪಕ್ಕೆ. ದೋಣಿಯಲ್ಲಿ ಹತ್ತು ನಿಮಿಷ. ಫೋಟೊಗಳಲ್ಲಿ ಸಮುದ್ರದ ಮೇಲೆ ತೇಲುವ ಆ ಕೆಂಪು ತೋರಿ ದ್ವಾರ ಇಲ್ಲಿಯದೇ. ಈಗಿರುವುದು 1875ರದು, ತೂಕ ಸುಮಾರು 60 ಟನ್. ಕಂಬಗಳನ್ನು ಆಳವಾಗಿ ಹೂತಿಲ್ಲ, ತನ್ನ ಭಾರಕ್ಕೆ ತಾನೇ ನಿಂತಿದೆ. ಹಿಂದೆ ಈ ದ್ವೀಪದಲ್ಲಿ ಹುಟ್ಟುವಂತಿರಲಿಲ್ಲ, ಸಾಯುವಂತೆಯೂ ಇರಲಿಲ್ಲ, ಮೈಲಿಗೆ ಆಗುತ್ತದೆಂದು. ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಅವರಿಗೆ ಇನ್ನೂ ಹಿಡಿಸುವುದು ಅಂಗಡಿಬೀದಿಯಲ್ಲಿಟ್ಟಿರುವ 7.7 ಮೀಟರ್ ಉದ್ದದ ಅನ್ನದ ಕೈ. "ಇದರಲ್ಲಿ ಬಡಿಸಿದರೆ ಇಡೀ ಮದುವೆ ಒಂದೇ ಪಂಕ್ತಿ" ಎಂದು ಲೆಕ್ಕ ಹಾಕಿಬಿಡುತ್ತಾರೆ.

ಆದರೆ ಸಮುದ್ರ ಇಳಿದಾಗ ಹೋದರೆ ದ್ವಾರ ತೇಲುವುದಿಲ್ಲ, ಕೆಸರಿನಲ್ಲಿ ನಿಂತಿರುತ್ತದೆ. ದೊಡ್ಡವರ ಮುಖ ಜೋಲುತ್ತದೆ, ಮಕ್ಕಳು ಕುಣಿದಾಡುತ್ತಾ ಅದರ ಬುಡದವರೆಗೆ ನಡೆದುಹೋಗುತ್ತವೆ. ಅದಕ್ಕೇ ಹೊರಡುವ ಮೊದಲು ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಟಿಕೆಟ್, ನಕ್ಷೆ ಎಲ್ಲ ಚೀಲದೊಳಗಿಟ್ಟು ಝಿಪ್ ಎಳೆದಿರಿ. ಜಿಂಕೆಗಳು ಅಲ್ಲೂ ಇವೆ, ಕಾಗದವೆಂದರೆ ಅವಕ್ಕೆ ಪ್ರಾಣ.