ಸ್ವಿಚ್ಚು, ಸುತ್ತೋಲೆ ಮತ್ತು ತೊಗರಿಬೇಳೆ: ಬಾಗಲಕೋಟೆ ಶಾಲೆಗಳ ಇಂಧನ ನೀತಿಗೊಂದು ಶಾಸ್ತ್ರೀಯ ಪೀಠಿಕೆ

ಸರ್ಕಾರಿ ಶಾಲೆಯಲ್ಲಿ ತಿರುಗುವ ಫ್ಯಾನನ್ನು ನಿಲ್ಲಿಸುವುದು ಪುಣ್ಯವೋ, ನಿಂತ ಫ್ಯಾನನ್ನು ತಿರುಗಿಸುವುದು ಪುಣ್ಯವೋ ಎಂಬುದು ನಮ್ಮ ಯಾವ ದರ್ಶನದಲ್ಲೂ ಇತ್ಯರ್ಥವಾಗಿಲ್ಲ. ಪ್ರಸ್ತುತ ಪ್ರಬಂಧವು ಈ ಕೊರತೆಯನ್ನು ಬಾಗಲಕೋಟೆ ಶೈಕ್ಷಣಿಕ ಜಿಲ್ಲೆಯ ಮಟ್ಟಿಗಾದರೂ ನೀಗಿಸಲು ಹೊರಟಿದೆ. ಅಧ್ಯಯನದ ವ್ಯಾಪ್ತಿ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಅಧ್ಯಯನದ ಅವಧಿ: ಕರೆಂಟ್ ಇದ್ದಷ್ಟು ಹೊತ್ತು.

ಅಧಿಕರಣ 1: ಒಡೆತನ ವಿಚಾರ

ಅಮೆರಿಕದಲ್ಲಿ ಶಾಲಾ ಜಿಲ್ಲೆ ಎಂದರೆ ತನ್ನದೇ ಮಂಡಳಿ, ಬಹಳ ಕಡೆ ತನ್ನದೇ ತೆರಿಗೆ, ತನ್ನದೇ ಬಿಲ್ಲು. ಬಿಲ್ಲು ನೋಡಿ ಬೆಚ್ಚಿದವರೇ ಎದ್ದುಹೋಗಿ ದೀಪ ಆರಿಸುತ್ತಾರೆ. ಇಂಥ ಕಡೆ ಇಂಧನ ನೀತಿ ಬರೆಯುವುದು ಪಾಂಡಿತ್ಯದ ಕೆಲಸವೇ ಅಲ್ಲ.

ಬಾಗಲಕೋಟೆಯಲ್ಲಿ ವಿಷಯ ಗಹನವಾಗಿದೆ. ಶಿಕ್ಷಕರು ಉಪನಿರ್ದೇಶಕರ ಕೈಕೆಳಗೆ, ಗೋಡೆ ಎಂಜಿನಿಯರಿಂಗ್ ವಿಭಾಗದ ಕೈಕೆಳಗೆ, ಒಲೆ ಅಕ್ಷರ ದಾಸೋಹದ ಕೈಕೆಳಗೆ, ತಂತಿ ಹುಬ್ಬಳ್ಳಿಯಲ್ಲಿ ಕೂತ ಹೆಸ್ಕಾಂ ಕೈಕೆಳಗೆ. ಬಿಸಿಲು ಮಾತ್ರ ಯಾವ ಇಲಾಖೆಗೂ ಹಂಚಿಕೆಯಾಗದ ಕಾರಣ ನೇರವಾಗಿ ಮಕ್ಕಳ ಹೆಸರಿಗೆ ಜಮೆಯಾಗುತ್ತದೆ.

2023ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ವೇದಿಕೆಯಿಂದ, ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸರ್ಕಾರಿ ಶಾಲಾ ಕಾಲೇಜುಗಳಿಗೆ ವಿದ್ಯುತ್ತೂ ಕುಡಿಯುವ ನೀರೂ ಉಚಿತವೆಂದು ಘೋಷಿಸಿದರು. ಪುಡಿಗಾಸಿನ ಅನುದಾನದಲ್ಲಿ ಸೀಮೆಸುಣ್ಣ ಕೊಳ್ಳಬೇಕೋ ಬಿಲ್ಲು ಕಟ್ಟಬೇಕೋ ಎಂದು ತಲೆ ಕೆರೆದುಕೊಳ್ಳುತ್ತಿದ್ದ ಮುಖ್ಯೋಪಾಧ್ಯಾಯರಿಗೆ ಇದು ನಿಜವಾದ ಬಿಡುಗಡೆ. ಆದರೆ ಶಾಸ್ತ್ರಕ್ಕೆ ಹೊಸ ತೊಡಕು ಹುಟ್ಟಿತು. ಹಣ ಕೊಡುವವರಿಗೆ ಸ್ವಿಚ್ಚು ಕಾಣದು, ಸ್ವಿಚ್ಚಿನ ಪಕ್ಕದಲ್ಲಿರುವವರಿಗೆ ಬಿಲ್ಲು ಕಾಣದು. ನಡುವೆ ಮೀಟರ್ ಎಂಬ ಗ್ರಂಥ ಓದುಗರಿಲ್ಲದೆ ಪುಟ ತಿರುಗಿಸುತ್ತಿರುತ್ತದೆ.

ಅಧಿಕರಣ 2: ಪೂರ್ವಸೂರಿಗಳ ಸಮೀಕ್ಷೆ

ಜಿಲ್ಲೆಯ ಸುತ್ತೋಲೆ ಸಾಹಿತ್ಯದ ಆದಿಕೃತಿ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿದೆ. ಮೇಗುತಿ ಜಿನಾಲಯದ ಗೋಡೆಯ ಮೇಲೆ ಶಕ ವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರ ಹೊತ್ತಿಗೆ, ರವಿಕೀರ್ತಿ ಕೆತ್ತಿಸಿದ ಪ್ರಶಸ್ತಿಯಲ್ಲಿ ಸುತ್ತೋಲೆಯ ಮೂರು ಲಕ್ಷಣಗಳೂ ಸಂಪೂರ್ಣವಾಗಿವೆ: ಮೇಲಿನವರ ಗುಣಗಾನ, ದಿನಾಂಕದ ವಿಷಯದಲ್ಲಿ ಅತಿ ಎಚ್ಚರ, ಕೊನೆಗೆ ಕರಡು ಬರೆದವನ ಆತ್ಮಪ್ರಶಂಸೆ. ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳನ್ನೆಲ್ಲ ಹೇಳಿ ಮುಗಿಸಿದ ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಇಂದಿನ ಸುತ್ತೋಲೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಪ. ರವಿಕೀರ್ತಿ ವರದಿ ಮಾಡಿದ ಕಟ್ಟಡವನ್ನು ಕಟ್ಟಿಯೂ ಇದ್ದ.

ಆಧುನಿಕ ಘಟ್ಟ 2001ರ ಇಂಧನ ಸಂರಕ್ಷಣಾ ಕಾಯ್ದೆಯಿಂದ ಮೊದಲಾಗುತ್ತದೆ. ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅದರ ಆಚರಣೆಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಪಂಚಾಂಗಗಳು: ಪ್ರತಿಜ್ಞೆ, ಚಿತ್ರಕಲಾ ಸ್ಪರ್ಧೆ, ಜಾಥಾ, ಜಾಥಾದ ಫೋಟೊ, ಫೋಟೊದ ಅಪ್‌ಲೋಡ್. ಐದನೆಯ ಅಂಗ ತಪ್ಪಿದರೆ ಮೊದಲ ನಾಲ್ಕು ನಡೆದೇ ಇಲ್ಲವೆಂದು ಎಲ್ಲ ಸಂಪ್ರದಾಯದವರ ಏಕಾಭಿಪ್ರಾಯ.

ಅಧಿಕರಣ 3: ಸ್ವಿಚ್‌ವಾದ ಮತ್ತು ಅದರ ಖಂಡನೆ

ಸ್ವಿಚ್‌ವಾದಿಗಳ ಪ್ರಕಾರ ಜಗತ್ತಿನ ಸಕಲ ನಷ್ಟಕ್ಕೂ ತರಗತಿಯ ಬಾಗಿಲ ಪಕ್ಕದ ಬೋರ್ಡೇ ಮೂಲ. ‘ಫ್ಯಾನ್ ಬಂದ್ ಮಾಡ್ರೀ’ ಎಂಬುದು ಇವರ ಮಹಾವಾಕ್ಯ. ಇದನ್ನು ಗಣಿತದಿಂದಲೇ ಪರೀಕ್ಷಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1000 ಬೋಧನಾ ಗಂಟೆ ಎನ್ನುತ್ತದೆ. 75 ವ್ಯಾಟ್‌ನ ಹಳೆ ಮಾದರಿಯ ಫ್ಯಾನು ಆ ಸಾವಿರ ಗಂಟೆಯೂ ಎಡೆಬಿಡದೆ ತಿರುಗಿದರೆ ಖರ್ಚು 75 ಯೂನಿಟ್. ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 30 ಯೂನಿಟ್. ಉಳಿತಾಯ ಫ್ಯಾನಿಗೆ 45 ಯೂನಿಟ್. ಸಾವಿರ ಫ್ಯಾನು ಬದಲಿಸಿದರೆ 45,000. ಇದು ಒಳ್ಳೆಯ ಲೆಕ್ಕವೇ. ಹಾಗೆಂದು ಅದನ್ನು ಹೇಳಲು ಜಾಥಾ ಬೇಕಿಲ್ಲ, ಎಲೆಕ್ಟ್ರಿಷಿಯನ್ ಸಾಕು.

ಇನ್ನು ಜಿಲ್ಲೆಯ ಗಡಿಯಲ್ಲೇ ಇರುವ ಆಲಮಟ್ಟಿ ಅಣೆಕಟ್ಟಿನತ್ತ ನೋಡಬೇಕು. ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಪೂರ್ಣ ಪ್ರಮಾಣದಲ್ಲಿ ನಡೆದರೆ ಒಂದು ಸೆಕೆಂಡಿಗೆ ಸುಮಾರು 80 ಯೂನಿಟ್. ಎಂದರೆ ಒಂದು ಹಳೆ ಫ್ಯಾನಿನ ಇಡೀ ಶೈಕ್ಷಣಿಕ ವರ್ಷ ಆಲಮಟ್ಟಿಯ ಪಾಲಿಗೆ ಒಂದು ಸೆಕೆಂಡಿಗಿಂತ ಕಡಿಮೆ. ಆ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿ, ಜನ ಗಂಟುಮೂಟೆ ಕಟ್ಟಿಕೊಂಡು ನವನಗರದ ಸೆಕ್ಟರುಗಳಿಗೆ ಬಂದರು. ಊರನ್ನೇ ಬಿಟ್ಟುಕೊಟ್ಟವರ ಮೊಮ್ಮಕ್ಕಳು ವರ್ಷಕ್ಕೊಂದು ಸೆಕೆಂಡಿನ ಗಾಳಿ ಕೇಳಿದರೆ ಅದು ದುಂದುಗಾರಿಕೆಯೇ? ಸ್ವಿಚ್‌ವಾದಿಗಳು ಮುಂದಿನ ಕಾರ್ಯಾಗಾರದಲ್ಲಿ, ಚಹಾ ವಿರಾಮದ ಬಳಿಕ, ಉತ್ತರಿಸುವರು.

ಅಧಿಕರಣ 4: ಛಾವಣಿ ಮೀಮಾಂಸೆ

ಬಾದಾಮಿಯ ಮೇಣಬಸದಿ ಗುಹೆಗಳು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮುಖಮಾಡಿವೆ. ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಉರಿಬಿಸಿಲು ನೇರ ಒಳಗೆ ಬಾರದು. ತಲೆಯ ಮೇಲೆ ಇಡೀ ಗುಡ್ಡವೇ ಛಾವಣಿ. ಏಪ್ರಿಲ್ ಮಧ್ಯಾಹ್ನ ಪ್ರವಾಸಿಗರು ವರಾಹ, ತ್ರಿವಿಕ್ರಮರನ್ನು ಬಹಳ ಹೊತ್ತು ನೋಡುತ್ತಾ ನಿಲ್ಲುವುದಕ್ಕೆ ಶಿಲ್ಪಕಲೆಯ ಆಸಕ್ತಿಯೊಂದೇ ಕಾರಣವಲ್ಲ ಎಂಬುದು ಪ್ರಬಂಧಕಾರನ ನಮ್ರ ಊಹೆ.

ಇದೇ ಸೀಮೆಯ ಹಳೆಯ ಮನೆಗಳೂ ಆ ಪಾಠ ಬಲ್ಲವು: ಮೊಳದಗಲದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಆಮೇಲೆ ಪ್ರಗತಿ ಬಂತು. ಶಾಲೆಗೆ ಆರ್‌ಸಿಸಿ ಸ್ಲ್ಯಾಬ್ ಬಿತ್ತು. ಕಾಂಕ್ರೀಟು ಬೆಳಗಿನಿಂದ ಬಿಸಿಲು ಕುಡಿದು, ಮಧ್ಯಾಹ್ನದ ಗಣಿತದ ಪಿರಿಯಡ್ಡಿಗೆ ಸರಿಯಾಗಿ ಅದನ್ನು ಒಳಗೆ ಬಿಡುತ್ತದೆ. ಫ್ಯಾನು ಆ ಶಾಖವನ್ನು ತಣಿಸದು. ಎಲ್ಲ ಬೆಂಚಿಗೂ ಸಮಾನವಾಗಿ ಹಂಚುತ್ತದೆ.

ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಬಿಳಿಯ, ಬಿಸಿಲು ಹಿಮ್ಮೆಟ್ಟಿಸುವ ಲೇಪ ಅದರ ತಿರುಳು. ಸುಣ್ಣದ ಕಲ್ಲಿಗೂ ಸಿಮೆಂಟಿಗೂ ಹೆಸರಾದ ಬಾಗಲಕೋಟೆಯಲ್ಲಿ ಸುಣ್ಣ ಬಳಿಯುವುದು ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಶಾಲೆಯಲ್ಲಿ ಬಣ್ಣ ಬೀಳುವುದು ಗೋಡೆಗೆ, ಅದೂ ತನಿಖೆಗೆ ಬರುವವರಿಗೆ ಕಾಣುವ ಗೋಡೆಗೆ. ಮಾಳಿಗೆ ಹತ್ತಿ ನೋಡಿದ ತನಿಖಾಧಿಕಾರಿಯ ಉಲ್ಲೇಖ ಲಭ್ಯ ಆಕರಗಳಲ್ಲಿ ಇಲ್ಲ.

ಕಾಲಜ್ಞಾನದಲ್ಲಿ ಮಾತ್ರ ಸರ್ಕಾರ ಮೊದಲೇ ಸಿದ್ಧಿ ಪಡೆದಿದೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದೊಂದಿಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಶಾಲೆಗಳಿಗೆ ಶನಿವಾರ ಮುಂಜಾನೆಯ ಸಾಲಿ, ಸುಡುಬೇಸಿಗೆಗೆ ರಜೆ. ಹೆಚ್ಚು ಇಂಧನ ಉಳಿಸುವ ಈ ಕ್ರಮಗಳಿಗೆ ಯಾರೂ ನೀತಿ ಎಂದು ಹೆಸರಿಡದ್ದರಿಂದ ಅವು ಈಗಲೂ ಸರಿಯಾಗಿ ನಡೆಯುತ್ತಿವೆ.

ಅಧಿಕರಣ 5: ಪಾಕಸಿದ್ಧಾಂತ

ಈಗ ಮುಖ್ಯ ಸಂಶೋಧನೆ. ಹಳ್ಳಿಯ ಶಾಲೆಯಲ್ಲಿ ನಿಜವಾದ ಇಂಧನ ಖರ್ಚಾಗುವುದು ತರಗತಿಯಲ್ಲಲ್ಲ, ಬಿಸಿಯೂಟದ ಕೋಣೆಯಲ್ಲಿ. 14.2 ಕೆ.ಜಿ.ಯ ಒಂದು ಗ್ಯಾಸ್ ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಸಿಲಿಂಡರ್ ಎಂದರೆ ಎರಡು ಹಳೆ ಫ್ಯಾನುಗಳು ಇಡೀ ವರ್ಷ ತಿರುಗಿ, ಇನ್ನೂ ಸ್ವಲ್ಪ ಮಿಕ್ಕಷ್ಟು. ತೊಗರಿಬೇಳೆಯನ್ನು ಮೊದಲೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು: ಇವು ಅಡುಗೆಯವರು ಯಾವ ತರಬೇತಿಯೂ ಇಲ್ಲದೆ ಬಲ್ಲ ಸೂತ್ರಗಳು. ಸೀಟಿ ಎಣಿಸಿ ಒಲೆ ಆರಿಸುವ ಆಕೆಯೇ ಶಾಲೆಯ ಏಕೈಕ ಇಂಧನ ವ್ಯವಸ್ಥಾಪಕಿ. ಆದರೆ ಇಂಧನ ಉಳಿತಾಯದ ಕಾರ್ಯಾಗಾರಕ್ಕೆ ಆಕೆಗೆ ಕರೆಯಿಲ್ಲ. ಕಾರ್ಯಾಗಾರದ ಊಟ ಬಡಿಸಲು ಇರಬಹುದು.

ಅಧಿಕರಣ 6: ಕರಡು ನೀತಿ

ಸೂತ್ರ 1. ತಿಂಗಳ ಮೊದಲ ದಿನ ಏಳನೇ ತರಗತಿಯ ಮಕ್ಕಳು ಮೀಟರ್ ಓದಿ ಅಂಕಿಯನ್ನು ಫಲಕದ ಮೇಲೆ ಬರೆಯತಕ್ಕದ್ದು. ಬಿಲ್ಲು ಯಾರೇ ಕಟ್ಟಲಿ, ಕಳೆಯುವ ಲೆಕ್ಕ ಮಕ್ಕಳಿಗೆ ಬಂದಿರಬೇಕು.

ಸೂತ್ರ 2. ಪ್ರತಿ ವರ್ಷ ಶಿವರಾತ್ರಿಯೊಳಗೆ ಛಾವಣಿಗೆ ಸುಣ್ಣ. ಗೋಡೆಯ ಗಾದೆಗಳಿಗೆ ಉಳಿದ ಬಣ್ಣ.

ಸೂತ್ರ 3. ಶಾಲಾ ಇಂಧನ ಸಮಿತಿಗೆ ಮುಖ್ಯ ಅಡುಗೆಯವರೇ ಅಧ್ಯಕ್ಷರು. ಸಭೆ ಬೇಳೆ ನೆನೆಯುವ ಹೊತ್ತಿನಲ್ಲಿ. ನೆನೆದ ಕೂಡಲೇ ಮುಕ್ತಾಯ.

ಸೂತ್ರ 4. ಇಳಕಲ್ಲಿನಲ್ಲಿ ಎರಡು ಮಾದರಿಗಳಿವೆ. ಅಲ್ಲಿನ ಸೀರೆ ನೇಕಾರ ಹತ್ತಿಯ ಒಡಲಿನ ಹಾಸುನೂಲಿಗೆ ರೇಷ್ಮೆ ಸೆರಗಿನ ಹಾಸುನೂಲನ್ನು ತೋಪುತೆನಿ ಎಂಬ ವಿಧಾನದಿಂದ ಕೊಂಡಿ ಕೊಂಡಿಯಾಗಿ ಕೂಡಿಸುತ್ತಾನೆ. ಶಿಕ್ಷಣ, ಇಂಧನ, ಪಂಚಾಯತ್ ರಾಜ್ ಇಲಾಖೆಗಳ ಕಡತಗಳನ್ನು ಹಾಗೆ ಕೂಡಿಸುವ ಗುತ್ತಿಗೆಯನ್ನು ಅವನಿಗೇ ವಹಿಸತಕ್ಕದ್ದು. ಎರಡನೆಯದು ಮಹಾಂತ ಜೋಳಿಗೆ. ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮೀಜಿ ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಆ ದಿನ ಮಕ್ಕಳು ಫ್ಯಾನ್ ಹಚ್ಚಿಟ್ಟು ಓಡುವ ಚಟವನ್ನು ಜೋಳಿಗೆಗೆ ಹಾಕಲಿ, ಅಧಿಕಾರಿಗಳು ತಲಾ ಒಂದು ನಮೂನೆಯನ್ನು ಹಾಕಲಿ. ನಮೂನೆಗಳಿಗೆ ದೊಡ್ಡ ಜೋಳಿಗೆ ಹೊಲಿಸತಕ್ಕದ್ದು.

ಸೂತ್ರ 5. ಕರೆಂಟ್ ಹೋದ ಹೊತ್ತಿನಲ್ಲಿ ಉಳಿದ ಯೂನಿಟ್‌ಗಳ ಕೀರ್ತಿ ಶಾಲೆಗೆ ಸಲ್ಲಬೇಕೋ ಹೆಸ್ಕಾಂಗೆ ಸಲ್ಲಬೇಕೋ ಎಂಬ ವಿವಾದವನ್ನು ಜಂಟಿ ಸಮಿತಿಗೆ ಒಪ್ಪಿಸಲಾಗಿದೆ. ಸಮಿತಿಯ ಮೊದಲ ಸಭೆ ಎರಡು ಸಲ ಮುಂದೂಡಲ್ಪಟ್ಟಿದ್ದು, ಸಭಾಂಗಣದ ಎಸಿ ದುರಸ್ತಿಯಾದ ನಂತರ ದಿನಾಂಕ ತಿಳಿಸಲಾಗುವುದು.