ಹಸಿರು ಮಾರ್ಗದ ಬ್ರೋ

ಜಯನಗರದ ಯಾವ ಪಿಯು ಕಾಲೇಜಿಗೆ ಹೋದರೂ ಇವನು ಸಿಗುತ್ತಾನೆ. ಎಸ್ಸೆಸ್ಸೆಲ್ಸಿ ಅರಕಲಗೂಡಿನ ಕಡೆ. ಮಾರ್ಕ್ಸು ಚೆನ್ನಾಗಿ ಬಂತು ಅಂತ ಅಪ್ಪ-ಅಮ್ಮ ಯಲಚೇನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರು. ಓದು ಆಮೇಲೆ, ಮೊದಲು ಗ್ಯಾಂಗು ಅಂತ ಮಗ ಮೊದಲ ವಾರದಲ್ಲೇ ತೀರ್ಮಾನಿಸಿದ.

2017ರಲ್ಲಿ ಯಲಚೇನಹಳ್ಳಿಗೆ ಬಂದ ಮೆಟ್ರೋ ಉಳಿದವರಿಗೆ ರೈಲು, ಇವನಿಗೆ ನಾಟಕದ ಬಣ್ಣದ ಮನೆ. ಹತ್ತುವಾಗ ಹಣೆಯಲ್ಲಿ ಕುಂಕುಮ, ಎಣ್ಣೆ ಹಾಕಿ ಬಾಚಿದ ತಲೆ. ಜೆ.ಪಿ. ನಗರಕ್ಕೆ ಕುಂಕುಮ ಮಾಯ. ಬನಶಂಕರಿಗೆ ಕೂದಲು ಎದ್ದು ನಿಲ್ಲುತ್ತದೆ. ಆರ್.ವಿ. ರಸ್ತೆಯಲ್ಲಿ ಅಂಗಿಯ ಎರಡು ಗುಂಡಿ ಬಿಚ್ಚಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಅಲ್ಲಿಗೆ ಬಂದು ಸೇರಿದ ಮೇಲೆ ಕೈ ಎತ್ತಲೂ ಜಾಗವಿಲ್ಲ, ಕೆಲವು ದಿನ ಒಂದೇ ಗುಂಡಿಯಲ್ಲಿ ಸುಧಾರಿಸುತ್ತಾನೆ. ಜಯನಗರದಲ್ಲಿ ಇಳಿಯುವವನು 'ಬ್ರೋ'. ಸಂಜೆ ಎಲ್ಲ ತಿರುಗುಮುರುಗು. ಕುಂಕುಮ ಮಾತ್ರ ವಾಪಸ್ ಬರುವುದಿಲ್ಲ. "ಬೆವರಿಗೆ ಹೋಯ್ತಮ್ಮ."

ಗ್ಯಾಂಗಿನವರು ಅಸಲಿ ಜಯನಗರದವರು. 1948ರಲ್ಲಿ ರಾಜಾಜಿ ಬಂದು ಶಂಕುಸ್ಥಾಪನೆ ಮಾಡಿದ ಬಡಾವಣೆ ಇದು. ಅವರ ತಾತಂದಿರೂ ಯಾವುದೋ ಊರಿಂದ ಟ್ರಂಕು ಹೊತ್ತು ಬಂದವರೇ. ಆದರೆ ಇವನಿಗೆ ಇತಿಹಾಸ ಗೊತ್ತಿಲ್ಲ, ತೊಗೊಂಡಿರುವುದು ಪಿಸಿಎಂಬಿ.

ಫೋರ್ತ್ ಬ್ಲಾಕಿನ ಜ್ಯೂಸ್ ಅಂಗಡಿಯಲ್ಲಿ ಬಿಲ್ಲು ಬರುವ ಹೊತ್ತಿಗೆ ಸರಿಯಾಗಿ ಒಬ್ಬನಿಗೆ ಕಾಲ್ ಬರುತ್ತದೆ, ಇನ್ನೊಬ್ಬ ಕೈ ತೊಳೆಯಲು ಏಳುತ್ತಾನೆ, ಮತ್ತೊಬ್ಬನ ಶೂ ಲೇಸು ಬಿಚ್ಚಿಕೊಳ್ಳುತ್ತದೆ. ಇವನು "ಇರ್ಲಿ ಬಿಡು ಮಗಾ" ಅಂತ ಸ್ಕ್ಯಾನ್ ಮಾಡುತ್ತಾನೆ. ಖಾತೆ ಅಮ್ಮನದು. ಮೆಸೇಜು ನೇರ ಯಲಚೇನಹಳ್ಳಿಗೆ.

"ಏನೋ ಅದು, ನಾನೂರೈವತ್ತು ಕಟ್ಟಾಯ್ತಲ್ಲ?"

"ರೆಕಾರ್ಡ್ ಬುಕ್ ಅಮ್ಮಾ."

"ಮೊನ್ನೇನೂ ರೆಕಾರ್ಡ್ ಬುಕ್ಕೇ ಅಂದೆ. ಎಷ್ಟಪ್ಪಾ ಬರೀತೀಯ!"

ಬರೆಯುವುದು ಸುಳ್ಳಲ್ಲ. ಗ್ಯಾಂಗಿನವರೆಲ್ಲರ ಕೆಮಿಸ್ಟ್ರಿ ರೆಕಾರ್ಡೂ ಇವನ ಅಕ್ಷರದಲ್ಲೇ ಇದೆ. ಇವನದು ಮಾತ್ರ ಇನ್ನೂ ಇಂಡೆಕ್ಸ್ ದಾಟಿಲ್ಲ.

ಊಟದ ಡಬ್ಬಿಯನ್ನು ಜಾಕೆಟ್ಟಿನಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿ ಬಚ್ಚಿಡುತ್ತಿದ್ದ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಂಡರೆ ಊರು ಬಯಲಾಗುತ್ತದಲ್ಲ! ಲ್ಯಾಬಿನ ಹಿಂದೆ ಗೋಡೆ ಕಡೆ ತಿರುಗಿಕೊಂಡು ತಿನ್ನುವಾಗ ಒಂದು ದಿನ ಸಿಕ್ಕಿಬಿದ್ದ. ಗ್ಯಾಂಗು ನಗಲಿಲ್ಲ, ಡಬ್ಬಿ ಕಿತ್ತುಕೊಂಡು ಖಾಲಿ ಮಾಡಿತು. "ಸೂಪರ್ ಕಣೋ, ನಾಳೆ ಜಾಸ್ತಿ ತಾ!" ಅಂದಿನಿಂದ ಅಮ್ಮ ಐದಕ್ಕೇ ಎದ್ದು ರೊಟ್ಟಿ ತಟ್ಟುತ್ತಾಳೆ. ಬೆಂಗಳೂರಿನ ನೀರಿಗೆ ಮಗನ ಹಸಿವು ಹೆಚ್ಚಿತು ಅಂತ ಅವಳಿಗೆ ಖುಷಿ. ಮಗನ ಪಾಲಿಗೆ ಉಳಿಯುವುದು ಚಟ್ನಿ ಮೆತ್ತಿದ ಡಬ್ಬಿ.

ಅಂತೂ ಹೆಸರು ಬಂತು. ಇನ್‌ಸ್ಟಾದಲ್ಲಿ ತಾನೇ ಇಟ್ಟುಕೊಂಡ 'ರಾಕಿ' ಯಾರ ಬಾಯಲ್ಲೂ ನಿಲ್ಲಲಿಲ್ಲ. ಈಗ ಕಾಲೇಜಿಗೆಲ್ಲ ಇವನು 'ರೊಟ್ಟಿ'. ಕಾರಿಡಾರಿನಲ್ಲಿ ಹಾಗೆ ಕೂಗಿದವರಿಗೆ ಠೀವಿಯಿಂದ ಕೈ ಬೀಸುತ್ತಾನೆ. ಮೊನ್ನೆ ಅಟೆಂಡೆನ್ಸ್ ಹೊತ್ತಿನಲ್ಲಿ ಲೆಕ್ಚರರ್ ರಿಜಿಸ್ಟರಿನ ಹೆಸರನ್ನು ಎರಡೆರಡು ಸಲ ಕೂಗಿದರು. ಯಾರೂ ಏಳಲಿಲ್ಲ. ಆಬ್ಸೆಂಟ್ ಹಾಕಿ ಮುಂದೆ ಹೋದರು. ಪಕ್ಕದವನು ತಿವಿದ: "ಲೋ ರೊಟ್ಟಿ, ಅದು ನೀನಂತೆ ಕಣೋ!"