ಮಂಗಳೂರಿನಲ್ಲಿ ಶಿಫ್ಟ್ ಲೈಟು: ಒಂದು ಪ್ರಮಾಣಬದ್ಧ ಖಂಡನೆ

ಮಂಗಳೂರಿನ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ಭೂತಾರಾಧನೆಯ ಮೇಲೆ ಪಿಎಚ್‌ಡಿ ಆಗಿದೆ, ಅಳಿಯಕಟ್ಟಿನ ಮೇಲೆ ಆಗಿದೆ, ಯಕ್ಷಗಾನದ ಮೇಲಂತೂ ಎಷ್ಟಾಗಿದೆಯೋ ಲೆಕ್ಕ ಇಟ್ಟವರಿಲ್ಲ. ಆದರೆ ಕಂಪನಿಯವರು ಕೊಡದ ಆರ್‌ಪಿಎಂ ಮೀಟರನ್ನು ಹೊರಗಿನಿಂದ ತಂದು ಬೈಕಿನ ಹ್ಯಾಂಡಲಿಗೆ ಕೂರಿಸಿ, ಅದರ ಮಗ್ಗುಲಿಗೆ, ಎಂಜಿನಿನ ಸುತ್ತು ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ಗೇರ್ ಏರಿಸೆಂದು ಉರಿಯುವ ಶಿಫ್ಟ್ ಲೈಟೆಂಬ ಪುಟ್ಟ ಕೆಂಪು ದೀಪವೊಂದನ್ನು ಸಿಕ್ಕಿಸಿಕೊಳ್ಳುವ ಆಚರಣೆಯ ಕಡೆಗೆ ಯಾವ ವಿಭಾಗದ ಮುಖ್ಯಸ್ಥರೂ ತಲೆ ಎತ್ತಿ ನೋಡಿದಂತಿಲ್ಲ. ಆ ಕೊರತೆ ನೀಗಲೆಂದು ಈ ಪ್ರಬಂಧ. ಇದರ ಸಿದ್ಧಾಂತ ಒಂದೇ: ಶಿಫ್ಟ್ ಲೈಟಿಗೆ ಗೇರ್ ಏರಿಸುವ ವಿದ್ಯೆ ಮಾತ್ರ ಗೊತ್ತು, ಮಂಗಳೂರಿನಲ್ಲಿ ಸವಾರನ ಎಡಗಾಲಿಗೆ ಇರುವ ಮುಖ್ಯ ಕೆಲಸ ಗೇರ್ ಇಳಿಸುವುದು. ಹಾಗಾಗಿ ಈ ಊರಿನ ನಿಜವಾದ ಶಿಫ್ಟ್ ಲೈಟು ಬೈಕಿನ ಹ್ಯಾಂಡಲ್ ಮೇಲಿಲ್ಲ, ಮುಂದೆ ಹೋಗುತ್ತಿರುವ ಸಿಟಿ ಬಸ್ಸಿನ ಹಿಂಭಾಗದಲ್ಲಿದೆ. ಅದು ಉರಿಯುತ್ತದೋ ಇಲ್ಲವೋ ಎಂಬ ಉಪಪ್ರಶ್ನೆಯನ್ನು ಯಥಾವಕಾಶ ಪರಿಶೀಲಿಸಲಾಗುವುದು.

ಮೊದಲು ವಸ್ತುವಿನ ಸ್ವರೂಪ. ಡಬ್ಬಿ ತೆರೆದರೆ ಅಂಗೈಯಗಲದ ಒಂದು ಡಯಲು, ಹ್ಯಾಂಡಲಿಗೆ ಕಚ್ಚಿಸುವ ಒಂದು ಕ್ಲ್ಯಾಂಪು, ಬಾಲದ ಹಾಗೆ ಹೊರಬಿದ್ದ ನಾಲ್ಕೈದು ವಯರು. ಒಂದು ವಯರು ಕೀ ಆನ್ ಮಾಡಿದಾಗ ಮಾತ್ರ ಹನ್ನೆರಡು ವೋಲ್ಟ್ ಬರುವ ಕಡೆಗೆ, ಒಂದು ಬಾಡಿ ಅರ್ಥಿಗೆ, ಒಂದು ಡಯಲಿನ ಒಳದೀಪಕ್ಕೆ. ಹೆಡ್‌ಲೈಟ್ ಬಿಚ್ಚಿ ಅದರ ಹೊಟ್ಟೆಯೊಳಗೆ ತುರುಕಿಟ್ಟ ವಯರುಗಳ ಗಂಟಿನಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಇವನ್ನೆಲ್ಲ ಹುಡುಕಬಹುದು. ಕಷ್ಟವಿರುವುದು ಉಳಿದ ಒಂದು ವಯರಿನಲ್ಲಿ. ಅದು ಎಂಜಿನಿನ ನಾಡಿ ಹಿಡಿಯುವ ವಯರು. ಅದನ್ನು ಇಗ್ನಿಷನ್ ಕಾಯಿಲಿಗೆ ಜೋಡಿಸಬೇಕು, ಇಲ್ಲವೆ ಪ್ಲಗ್ ವಯರಿನ ಸುತ್ತ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ ಟೇಪು ಹಾಕಬೇಕು. ಕಿಡಿ ಹಾರಿದಾಗಲೆಲ್ಲ ಮೀಟರು ಒಂದು ಎಣಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನು ಎರಡು ಸುತ್ತಿಗೊಮ್ಮೆ ಪೆಟ್ರೋಲು ಸುಡುತ್ತದೆಂಬುದು ಶಾಲೆಯ ಪಾಠ; ಆದರೆ ಅನೇಕ ಬೈಕುಗಳಲ್ಲಿ ಕಿಡಿ ಮಾತ್ರ ಪ್ರತಿ ಸುತ್ತಿಗೂ ಹಾರುತ್ತದೆ. ಒಂದು ಕಿಡಿ ಪೆಟ್ರೋಲಿಗೆ, ಇನ್ನೊಂದು ಹೊರಟುಹೋಗುತ್ತಿರುವ ಹೊಗೆಗೆ. ಮೀಟರಿನ ಸೆಟ್ಟಿಂಗಿನಲ್ಲಿ ಇದನ್ನು ತಿಳಿಸದಿದ್ದರೆ ಅದು ವ್ಯರ್ಥ ಕಿಡಿಯನ್ನೂ ಲೆಕ್ಕಕ್ಕೆ ಹಿಡಿದು, 1,400ರಲ್ಲಿ ಸುಮ್ಮನೆ ಗುಡುಗುಡು ಎನ್ನುತ್ತಿರುವ ಬೈಕಿಗೆ 2,800 ತೋರಿಸುತ್ತದೆ. ಮಾಲೀಕನಿಗೆ ಇದರಿಂದ ಬೇಸರವೇನೂ ಆಗುವುದಿಲ್ಲ. ಈ ದುಪ್ಪಟ್ಟು ಲೆಕ್ಕದ ಪ್ರಯೋಜನವನ್ನು ಮುಂದೆ ತೋರಿಸಲಿದ್ದೇವೆ.

ಇನ್ನು ಇತಿಹಾಸ. ಯಂತ್ರಗಳ ಸುತ್ತು ಎಣಿಸುವ ಈ ಉಪಕರಣವನ್ನು 1817ರಲ್ಲಿ ಬಳಕೆಗೆ ತಂದವನು ಡೀಟ್ರಿಷ್ ಊಲ್‌ಹಾರ್ನ್ ಎಂಬ ಜರ್ಮನ್ ಎಂಜಿನಿಯರ್ ಎಂಬುದು ಸಾಮಾನ್ಯ ಅಭಿಪ್ರಾಯ. ಅದಾಗಿ ಹದಿನೇಳು ವರ್ಷಕ್ಕೆ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಅಚ್ಚುಕೂಟ ತಂದರು, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ತಮ್ಮ ಜರ್ಮನ್ ಭಾಷೆಯವನೇ ಕಂಡುಹಿಡಿದ ಮೀಟರನ್ನು ಮಾತ್ರ ಊರಿಗೆ ಪರಿಚಯಿಸಿದ ಕುರುಹಿಲ್ಲ. ಇದನ್ನು ಮರೆವು ಎನ್ನಲಾಗದು. ನೆಲ ನೋಡಿ ಕೈಗೊಂಡ ತೀರ್ಮಾನವಿರಬೇಕು. ಗುಡ್ಡ ಹತ್ತಿ ಇಳಿದು ಹತ್ತಿ ಇಳಿದು ಧರ್ಮಪ್ರಚಾರ ಮಾಡಿದವರಿಗೆ, ಇಲ್ಲಿ ಸುತ್ತು ಎಣಿಸಿ ಪ್ರಯೋಜನವಿಲ್ಲವೆಂಬುದು ಮೊಣಕಾಲಿನಿಂದಲೇ ತಿಳಿದಿರುತ್ತದೆ. ಬದಲಿಗೆ ಅವರ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಜಾನ್ ಹಾಲರ್ ಎಂಬವನು ಖಾಕಿ ಬಣ್ಣವನ್ನು ರೂಪಿಸಿದನೆಂದು ಊರಿನ ಇತಿಹಾಸ ಹೇಳುತ್ತದೆ. ಆ ಖಾಕಿಯನ್ನು ಇಂದು ತೊಟ್ಟು ಬಸ್ಸಿನ ಬಾಗಿಲಲ್ಲಿ ನೇತಾಡುವವನು ಕಂಡಕ್ಟರು. ಅಂದರೆ ಮಿಷನ್ನಿನವರು ಮೀಟರನ್ನು ಬಿಟ್ಟು, ಮೀಟರಿನ ಕೆಲಸ ಮಾಡುವವನಿಗೆ (ಹೇಗೆಂಬುದು ಮುಂದೆ) ಸಮವಸ್ತ್ರ ಒದಗಿಸಿದರು. ಇದಕ್ಕಿಂತ ಗಟ್ಟಿಯಾದ ಚಾರಿತ್ರಿಕ ಪುರಾವೆ ಬೇಕೆನ್ನುವವರು ಹಠಮಾರಿಗಳು.

ಮಧ್ವಾಚಾರ್ಯರು ಹುಟ್ಟಿದ ಸೀಮೆಯಲ್ಲಿ ಯಾವ ವಾದವನ್ನೇ ಆಗಲಿ ಅವರು ಒಪ್ಪಿದ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳಲ್ಲಿ ನಿಲ್ಲಿಸಬೇಕಾಗುತ್ತದೆ. ಆಗಮವೆಂದರೆ ಇಲ್ಲಿ ಬೈಕಿನ ಜೊತೆ ಕಂಪನಿ ಕೊಡುವ ಪುಸ್ತಕ. ಅದನ್ನು ಯಾರೂ ಓದುವುದಿಲ್ಲವಾದ್ದರಿಂದ ಬೇಗ ಮುಂದೆ ಹೋಗೋಣ. ಅನುಮಾನಕ್ಕೆ ಲೆಕ್ಕ ಬೇಕು. ಒಂದು 150 ಸಿಸಿ ಬೈಕಿನ ಫಸ್ಟ್ ಗೇರಿನಲ್ಲಿ ಎಂಜಿನ್ 27 ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆಂದೂ, ಚಕ್ರದ ಸುತ್ತಳತೆ 1.95 ಮೀಟರೆಂದೂ ಇಟ್ಟುಕೊಳ್ಳಿ. ಶಿಫ್ಟ್ ಲೈಟನ್ನು 9,000ಕ್ಕೆ ಸೆಟ್ ಮಾಡಿದರೆ ಅದು ಮೊದಲ ಸಲ ಉರಿಯುವಾಗ ವೇಗ ಗಂಟೆಗೆ 39 ಕಿಲೋಮೀಟರು. ಸೆಕೆಂಡ್ ಗೇರಿನಲ್ಲಿ ಇದೇ ಲೆಕ್ಕ 18ಕ್ಕೆ ಇಳಿಯುವುದರಿಂದ ಎರಡನೇ ಸಲ ಉರಿಯುವಾಗ 58.5. ಥರ್ಡಿನಲ್ಲಿ 78. ಕೇಂದ್ರ ಸರ್ಕಾರ 2018ರಲ್ಲಿ ನಗರದೊಳಗೆ ಬೈಕಿಗೆ ಗೊತ್ತುಮಾಡಿದ ಗರಿಷ್ಠ ವೇಗ 60. ಆದ್ದರಿಂದ ಕಾನೂನಿಗೆ ತಲೆಬಾಗುವ ಸವಾರನೊಬ್ಬನ ಶಿಫ್ಟ್ ಲೈಟು ಒಂದು ಓಟಕ್ಕೆ ಎರಡೇ ಸಲ ಉರಿಯಬಹುದು. ಮೂರನೆಯದಕ್ಕೆ ದಂಡದ ರಶೀದಿ ಇದೆ. ಫೋರ್ತ್, ಫಿಫ್ತ್ ಗೇರುಗಳ ಪಾಲಿಗೆ ಆ ದೀಪ ವೇದಾಂತಿಗಳ ಮೊಲದ ಕೊಂಬು.

ಈ ಲೆಕ್ಕಕ್ಕೆ ಕರಾವಳಿಯದೇ ಆದ ಸಾಕ್ಷಿಯೊಂದಿದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳನ್ನು 142.5 ಮೀಟರ್ ಓಡಿಸಿದ್ದು 13.62 ಸೆಕೆಂಡಿನಲ್ಲಿ. ಉಸೇನ್ ಬೋಲ್ಟ್ ಜೊತೆ ಹೋಲಿಸಿ ದೇಶವೆಲ್ಲ ಮಾತಾಡಿತು. ಆದರೆ ಬೈಕಿಗೆ ಹೋಲಿಸಿ ನೋಡುವ ವೈಜ್ಞಾನಿಕ ದೃಷ್ಟಿ ಯಾರಿಗೂ ಬರಲಿಲ್ಲ. ಸರಾಸರಿ ವೇಗ ಗಂಟೆಗೆ 37.7 ಕಿಲೋಮೀಟರಾಯಿತು. ಮೇಲಿನ ಬೈಕಿನ ಫಸ್ಟ್ ಗೇರಿನಲ್ಲಿ ಇದು ಸುಮಾರು 8,700 ಆರ್‌ಪಿಎಂ. ಅಂದರೆ ದೇಶವನ್ನೇ ಬೆರಗಾಗಿಸಿದ ಆ ಓಟದಲ್ಲಿ ಕೋಣಗಳು ಓಟದ ಕರೆಯ ಈ ತುದಿಯಿಂದ ಆ ತುದಿಯವರೆಗೆ ಫಸ್ಟ್ ಗೇರಿನಲ್ಲೇ ಹೋಗಿವೆ, ಸರಾಸರಿ ಲೆಕ್ಕದಲ್ಲಿ ಶಿಫ್ಟ್ ಲೈಟು ಉರಿಯಲು ಇನ್ನೂ 300 ಸುತ್ತು ಬಾಕಿ ಇತ್ತು. ಕಂಬಳದ ಕೋಣಕ್ಕೇ ಬೇಡವಾದ ದೀಪ ಹಂಪನಕಟ್ಟೆಯಿಂದ ಕಂಕನಾಡಿಗೆ ಆಫೀಸು ಬ್ಯಾಗು ಹೊತ್ತು ಹೋಗುವವನಿಗೆ ಏಕೆ ಬೇಕು ಎಂಬುದಕ್ಕೆ ಎದುರು ಪಕ್ಷದವರು ಉತ್ತರಿಸಬೇಕು. ಕಂಬಳದಲ್ಲಿ ಸಮಯ ಅಳೆಯಲು ಸೆನ್ಸರ್ ಬಂತು. ಕೋಣದ ಸುತ್ತು ಅಳೆಯುವ ಯೋಚನೆ ಯಾರಿಗೂ ಬಂದಿಲ್ಲ, ಬರುವುದೂ ಬೇಡ.

ಉಳಿದದ್ದು ಪ್ರತ್ಯಕ್ಷ. ಊರನ್ನೇ ನೋಡಿ. ಕದ್ರಿ ಗುಡ್ಡ, ಬಲ್ಮಠ, ಬಿಜೈ, ಲೇಡಿಹಿಲ್: ಹೆಸರಿಗೊಂದು ಏರು, ಏರಿಗೊಂದು ಇಳಿತ. ಬಾವುಟಗುಡ್ಡೆಯಲ್ಲಿ 1837ರಲ್ಲಿ ಅಮರ ಸುಳ್ಯದ ಹೋರಾಟಗಾರರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಎರಡು ವಾರದೊಳಗೆ ಅದೂ ಇಳಿಯಬೇಕಾಯಿತು. ಏರಿದ್ದು ಇಳಿಯುವುದಕ್ಕೆ ಈ ಗುಡ್ಡಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಥರ್ಡಿನಲ್ಲಿ ಏರತೊಡಗಿದ ಬೈಕು ಅರ್ಧಕ್ಕೆ ಬರುವಷ್ಟರಲ್ಲಿ ಟಕ ಟಕ ಎಂದು ನಾಕ್ ಹೊಡೆಯುತ್ತದೆ. ಗೇರ್ ಇಳಿಸಬೇಕೆಂದು ಕಿವಿ ಹೇಳುತ್ತದೆ, ಕಾಲಡಿಯ ಫುಟ್‌ರೆಸ್ಟಿನ ನಡುಕ ಹೇಳುತ್ತದೆ, ಹಿಂದೆ ಕೂತವರೂ ಹೇಳುತ್ತಾರೆ. ಹೇಳದೆ ಕೂತಿರುವುದು ಶಿಫ್ಟ್ ಲೈಟು ಒಂದೇ. ಸುತ್ತು ಕಡಿಮೆಯಾದಷ್ಟೂ ಅದಕ್ಕೆ ನೆಮ್ಮದಿ. ಇನ್ನು ಬಸ್ಸು. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಹೊರಟ ಖಾಸಗಿ ಸಿಟಿ ಬಸ್ಸಿಗೆ ಹಿಂದಿನ ಬಸ್ಸು ಬರುವುದರೊಳಗೆ ಸ್ಟಾಪಿನ ಜನರನ್ನೆಲ್ಲ ಬಾಚಿಕೊಳ್ಳುವ ತುರ್ತು; ಕೈ ಅಡ್ಡ ಹಿಡಿದವರಿದ್ದಲ್ಲೆಲ್ಲ ಸ್ಟಾಪು. ಸವಾರ ಸೆಕೆಂಡಿಗೆ ಹಾಕಿ ಸ್ವಲ್ಪ ರೇಸ್ ಕೊಟ್ಟು ಶಿಫ್ಟ್ ಲೈಟಿನ ದರ್ಶನಕ್ಕೆ ಕಾಯುತ್ತಿರುವಾಗ ಮುಂದೆ ಕಂಡಕ್ಟರನ ಸೀಟಿ ಕೇಳುತ್ತದೆ, ಬಸ್ಸು ಎಡಕ್ಕೆ ವಾಲುತ್ತದೆ, ಹಿಂದಿನ ಕೆಂಪು ದೀಪ ಉರಿಯುತ್ತದೆ. ಗೇರು ಫಸ್ಟಿಗೆ. ದೀಪ ಕೆಟ್ಟುಹೋದ ಬಸ್ಸಾದರೆ ಏನು ಗತಿ ಎಂದರೆ, ಸೀಟಿ ಕೆಟ್ಟುಹೋಗುವುದಿಲ್ಲ. ‘ಪೋಯಿ ರೈಟ್’ ಎಂಬ ಕೂಗು ಗೇರ್ ಏರಿಸುವುದಕ್ಕೆ. ಹೀಗೆ ಎರಡೂ ದಿಕ್ಕಿನ ಸೂಚನೆ ಕೊಡುವ, ಬೈಕಿನ ಬ್ಯಾಟರಿಯಿಂದ ಒಂದು ಆಂಪಿಯರೂ ಎಳೆಯದ ಸಾರ್ವಜನಿಕ ವ್ಯವಸ್ಥೆ ಬೆಳಗ್ಗಿನಿಂದ ರಾತ್ರಿಯವರೆಗೆ ಲಭ್ಯವಿದೆ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಪಂಪ್‌ವೆಲ್ ಫ್ಲೈಓವರ್ ಇದೆಯಲ್ಲ ಎನ್ನುತ್ತಾರೆ. ಹೌದು, ಇದೆ, ಊರಿನ ಸಹನೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ 2020ರ ಜನವರಿಯಲ್ಲಿ ತೆರೆದುಕೊಂಡಿತು. ಅದರ ಮೇಲೆ ದೀಪ ಎರಡು ಸಲವಲ್ಲ, ಮೂರು ಸಲವೂ ಉರಿದೀತು. ಆದರೆ ಮೇಲೆ ದೀಪ ಉರಿಸಿಕೊಂಡವನು ಉತ್ತರಕ್ಕೆ ಹೊರಟಿದ್ದರೆ ಮುಂದೆ ನಂತೂರಿಗೆ ಬರಲೇಬೇಕು. ಹೆದ್ದಾರಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಆ ಜಂಕ್ಷನ್ನಿನಲ್ಲಿ ಬೈಕು ನ್ಯೂಟ್ರಲ್ಲಿಗೆ ಬೀಳುತ್ತದೆ, ಅಲ್ಲಿ ಉರಿಯುವುದು ಕಂಪನಿಯವರೇ ಕೊಟ್ಟ ಹಸಿರು ದೀಪ. ಸುರತ್ಕಲ್ ಕಡೆ ಹೋಗುತ್ತೇವೆ ಎಂದರೆ ನಡುವೆ ಕೂಳೂರು ಸೇತುವೆಯೂ ಪಣಂಬೂರು ಬಂದರಿನ ಲಾರಿಗಳೂ ಇವೆ. ರೇಸಿಗೆ ಬೇಕು ಎಂಬವರಿಗೆ ಚೆನ್ನೈ ಹತ್ತಿರ ಇರುಂಗಾಟುಕೋಟೈ ಇದೆ, ಕೊಯಮತ್ತೂರಿನಲ್ಲಿ ಕರಿ ರೇಸ್ ಟ್ರ್ಯಾಕ್ ಇದೆ. ಅಲ್ಲಿ ಈ ದೀಪ ಸಾರ್ಥಕ, ಸವಾರ ಮುಂದಿನ ತಿರುವಿನ ಮೇಲೆ ಕಣ್ಣಿಟ್ಟಿರುವಾಗ ಕಣ್ಣಂಚಿಗೆ ಹೊಳೆಯಲೆಂದೇ ಅದನ್ನು ಮಾಡಿರುವುದು. ಲೇಡಿಹಿಲ್ ಸರ್ಕಲ್ಲಿನಲ್ಲಿ ಕಣ್ಣಂಚಿಗೆ ಬೇಕಾದದ್ದು ಬೇರೆ.

ಎಂಜಿನ್ ಹಾಳಾಗದಂತೆ ಕಾಯುತ್ತದೆ ಎಂಬುದು ಎರಡನೇ ಆಕ್ಷೇಪ. ಈಗಿನ ಬಹುತೇಕ ಬೈಕುಗಳಲ್ಲಿ ಸುತ್ತು ಮಿತಿಮೀರಿದರೆ ಸಿಡಿಐ ಅಥವಾ ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ತಾನೇ ಕಿಡಿಯನ್ನೋ ಪೆಟ್ರೋಲನ್ನೋ ತಡೆಯುತ್ತದೆ. ಕಾವಲುಗಾರ ಒಳಗೆ ಇರುವಾಗ ಗೇಟಿನಲ್ಲಿ ದೀಪ ಇಟ್ಟಂತಾಯಿತು. ಹಳೆಯ ಆರ್‌ಎಕ್ಸ್ 100ಕ್ಕೆ ಆ ಕಾವಲಿಲ್ಲ, ನಿಜ. ಆದರೆ ಆರ್‌ಎಕ್ಸ್ ಇಟ್ಟುಕೊಂಡವನಿಗೆ ಎಂಜಿನಿನ ಶಬ್ದವೇ ಪ್ರಮಾಣ. ಅವನ ಪಕ್ಕದ ಮನೆಯವರಿಗೂ ಅದೇ. ಬುಲೆಟ್ಟಿನವರಂತೂ ದಶಕಗಟ್ಟಲೆ ಆರ್‌ಪಿಎಂ ಮೀಟರಿಲ್ಲದೆ ಬಾಳಿದ್ದಾರೆ. ಕಾನೂನು ಕೂಡ ಸ್ಪೀಡೋಮೀಟರ್ ಕಡ್ಡಾಯ ಮಾಡಿದೆಯೇ ಹೊರತು ಇದನ್ನು ಕೇಳಿಲ್ಲ.

ಗಂಭೀರವಾಗಿ ಎದುರಿಸಬೇಕಾದ ಆಕ್ಷೇಪ ಒಂದೇ, ಮೈಲೇಜಿನದ್ದು. ದೀಪವನ್ನು 9,000ಕ್ಕಲ್ಲ, 4,500ಕ್ಕೆ ಸೆಟ್ ಮಾಡಿ. ಅದು ಉರಿದಾಗ ಗೇರ್ ಏರಿಸಿ. ಪೆಟ್ರೋಲು ಉಳಿಯುತ್ತದೆ ಎಂಬ ವಾದ. ಇದು ವಿವೇಕದ ಮಾತು, ಆದ್ದರಿಂದಲೇ ಶಿಫ್ಟ್ ಲೈಟು ಕೊಳ್ಳುವವರಲ್ಲಿ ಇದನ್ನು ಆಡುವವರು ವಿರಳ. 4,500ಕ್ಕೆ ಏರಿಸಿದ ಬೈಕು ಕದ್ರಿ ಏರಿನಲ್ಲಿ ಮತ್ತೆ ನಾಕ್ ಹೊಡೆದರೆ ದೀಪ ಜವಾಬ್ದಾರಿ ಹೊರುವುದಿಲ್ಲವೆಂಬ ದೋಷ ಇದ್ದೇ ಇದೆ. ಆದರೂ ಸಮತಟ್ಟಿನಲ್ಲಿ ಉಪಯೋಗವಿದೆಯೆಂದು ಒಪ್ಪೋಣ. ಆಗ ಒಂದು ವಿಚಿತ್ರ ಹೊರಬೀಳುತ್ತದೆ: ಸೆಟ್ಟಿಂಗ್ ತಪ್ಪಿ ವ್ಯರ್ಥ ಕಿಡಿಯನ್ನೂ ಎಣಿಸುವ ಮೀಟರಿನಲ್ಲಿ 9,000 ಎಂದರೆ ಎಂಜಿನಿನ ನಿಜವಾದ 4,500. ರೇಸಿನ ಭ್ರಮೆಯಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು ಸಾಗುತ್ತಿರುವವನು ತನಗೇ ಗೊತ್ತಿಲ್ಲದೆ ಮಿತವ್ಯಯಿ. ಹಾಗಾಗಿ ಮಂಗಳೂರಿನಲ್ಲಿ ಉಪಯುಕ್ತವಾದ ಶಿಫ್ಟ್ ಲೈಟು ಯಾವುದಾದರೂ ಇದ್ದರೆ ಅದು ತಪ್ಪಾಗಿ ಜೋಡಿಸಿದ್ದು. ಸರಿಯಾಗಿ ಜೋಡಿಸಿಕೊಟ್ಟ ಮೆಕ್ಯಾನಿಕ್ಕಿನ ಮೇಲೆ ಗ್ರಾಹಕ ದೂರು ಕೊಡಬಹುದೇ ಎಂಬುದನ್ನು ವಕೀಲರಿಗೆ ಬಿಡುತ್ತೇವೆ.

ಇಷ್ಟೆಲ್ಲ ಖಂಡಿಸಿದ ಮೇಲೂ ಹಾಕಿಸುವವರು ಹಾಕಿಸುತ್ತಾರೆ, ಮಾರ್ರೆ. ಖಂಡನಗ್ರಂಥ ಓದಿ ಮತ ಬಿಟ್ಟವರು ನಮ್ಮಲ್ಲಿ ಯಾವಾಗಲೂ ಕಡಿಮೆ. ಅವರಲ್ಲಿ ಒಂದು ವಿನಂತಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ, ಉಪ್ಪುಗಾಳಿಗೆ ತಾಮ್ರ ಹಸಿರಾಗುವ ಊರು ಇದು. ಟೇಪು ಸುತ್ತಿದ ಜಾಯಿಂಟು ಮಳೆಗಾಲ ದಾಟುವುದಿಲ್ಲ, ಬೆಸುಗೆ ಹಾಕಿಸಿ ಮೇಲೆ ಸ್ಲೀವ್ ಎಳೆಸಿ. ಹನ್ನೆರಡು ವೋಲ್ಟಿನ ವಯರಿಗೆ ಎರಡು ಆಂಪಿಯರಿನ ಫ್ಯೂಸು ಹಾಕಿಸದೆ ಅಂಗಡಿಯಿಂದ ಹೊರಡಬೇಡಿ.